ಹಜಾರದ ಪಾಠ, ಮಲ್ಲೇಶ್ವರದ ಮೊಹರು

ಸಂಚಿಕೆಯ ಸಂಪಾದಕರು ಫೋನ್ ಮಾಡಿ, 'ನಮ್ಮ ಜಯನಗರ, ಬನಶಂಕರಿ ಕಡೆ ಸಂಗೀತದ ಮೇಷ್ಟ್ರುಗಳು, ಟೀಚರುಗಳು ಹೇಗೆ ತಯಾರಾದರು ಅಂತ ಒಂದು ಲೇಖನ ಬರೆದುಕೊಡಿ ಮೇಡಂ. ಯಾವ ಕಾಲೇಜು, ಯಾವ ಇಸವಿ, ಎಲ್ಲ ಬರಲಿ' ಎಂದರು. ಆಗಲಿ ಎಂದೆ. ಕಾಗದ ತೆಗೆದು ಕೂತ ಮೇಲೆ ತೊಡಕು ಗೊತ್ತಾಯಿತು. ಗಣಿತದ ಮೇಷ್ಟ್ರು ತಯಾರಾದದ್ದು ಎಲ್ಲಿ ಎಂದು ಕೇಳಿದರೆ ಬೆರಳು ಮಾಡಿ ತೋರಿಸಬಹುದು. ಜಯನಗರ ಎರಡನೇ ಬ್ಲಾಕಿನಲ್ಲಿ 1954ರಿಂದ ನಡೆದುಬಂದ ಆರ್.ವಿ. ಟೀಚರ್ಸ್ ಕಾಲೇಜಿದೆ, ನಾಲ್ಕನೇ ಬ್ಲಾಕಿನಲ್ಲಿ ವಿಜಯ ಟೀಚರ್ಸ್ ಕಾಲೇಜಿದೆ. ಸಂಗೀತದ ಟೀಚರು ತಯಾರಾದ ಕಟ್ಟಡ ಯಾವುದು? ಹಾಗೆ ತೋರಿಸಲು ಒಂದು ಕಟ್ಟಡವಿಲ್ಲ. ಸ್ವಲ್ಪ ಯಾರದೋ ಮನೆಯ ಹಜಾರದಲ್ಲಿ, ಸ್ವಲ್ಪ ಪರೀಕ್ಷಾ ಮಂಡಳಿಯ ಪಠ್ಯಪಟ್ಟಿಯಲ್ಲಿ, ಸ್ವಲ್ಪ ರಾಮೋತ್ಸವದ ಚಪ್ಪರದ ಕೆಳಗೆ, ಉಳಿದದ್ದೆಲ್ಲ ಎಂಟನೇ ಕ್ಲಾಸಿನ ಐವತ್ತು ಮಕ್ಕಳ ಎದುರಿಗೆ ನಿಂತ ಮೇಲೆ.

ಆ ಜಾಗಗಳಿಗೆಲ್ಲ ಒಂದೊಂದು ಸಲ ಹೋಗಿಬರುತ್ತೇನೆ. ಕ್ರಮ ತಪ್ಪಿದರೆ ಓದುಗರು ಸಹಿಸಿಕೊಳ್ಳಬೇಕು. ನಾನು ಕಲಿತದ್ದೂ ಅಷ್ಟೇನೂ ಕ್ರಮವಾಗಿ ಅಲ್ಲ.

ಜಯನಗರ ಬಡಾವಣೆಯ ಹೆಸರಿನಿಂದಲೇ ಶುರು ಮಾಡಬಹುದು. 1948ರ ಆಗಸ್ಟ್ 20ರಂದು ಆಗಿನ ಗವರ್ನರ್ ಜನರಲ್ ರಾಜಾಜಿಯವರು ಬಂದು ಅಡಿಗಲ್ಲು ಹಾಕಿದ ಗುರುತಿಗೆ ಇಂದಿಗೂ ಅಶೋಕ ಸ್ತಂಭ ನಿಂತಿದೆ. ಸುತ್ತ ಬಸ್ಸು, ಆಟೋ ತಿರುಗುತ್ತಿರುತ್ತವೆ. ಬಡಾವಣೆಗೆ ಇಟ್ಟದ್ದು ಜಯಚಾಮರಾಜೇಂದ್ರ ಒಡೆಯರ ಹೆಸರು. ಅವರು 94 ಕೃತಿಗಳನ್ನು 'ಶ್ರೀವಿದ್ಯಾ' ಅಂಕಿತದಲ್ಲಿ ರಚಿಸಿದ ವಾಗ್ಗೇಯಕಾರರು ಎನ್ನುವುದು ಸಂಗೀತದವರಿಗೆಲ್ಲ ಗೊತ್ತು. ವೀಣೆ ಕಲಿತದ್ದು ವೆಂಕಟಗಿರಿಯಪ್ಪನವರ ಬಳಿ. ಅದಕ್ಕೂ ಮೊದಲು ಅವರಿಗೆ ಹಿಡಿಸಿದ್ದು ಪಿಯಾನೊ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಆದರು. ಈ ಕೊನೆಯ ಸಂಗತಿ ನನಗೆ ಬಹಳ ಇಷ್ಟ. ಮನೆಯಲ್ಲೇ ಪಾಠ ಹೇಳಿಸಿಕೊಂಡು, ದೂರದ ಸಂಸ್ಥೆಯೊಂದರ ಸರ್ಟಿಫಿಕೇಟು ಪಡೆದವರು ನಮ್ಮ ಬಡಾವಣೆಗೆ ಹೆಸರು ಕೊಟ್ಟ ಮಹಾರಾಜರು. ಆಮೇಲೆ ಇಲ್ಲಿನ ಬ್ಲಾಕುಗಳಲ್ಲಿ ಎಷ್ಟೋ ಹುಡುಗಿಯರು ಮಾಡಿದ್ದೂ ಅದನ್ನೇ. ಮನೆ ಮಾತ್ರ ಅರಮನೆಯಾಗಿರಲಿಲ್ಲ.

ಅದಕ್ಕೂ ಹಿಂದಿನ ಕಾಲದಲ್ಲಿ ಸರ್ಟಿಫಿಕೇಟಿನ ಮಾತೇ ಇರಲಿಲ್ಲ. ಮೈಸೂರು ವಾಸುದೇವಾಚಾರ್ಯರನ್ನು ಚಾಮರಾಜ ಒಡೆಯರು ತಿರುವೈಯ್ಯಾರಿಗೆ, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿಗೆ ಕಳಿಸಿದರು, ಖರ್ಚು ಅರಮನೆಯದು. ಕಲಿತು ಬಂದ ಮೇಲೆ ಅರಮನೆಯ ಮುಂದೆ ಹಾಡಿದರೆ ಅದೇ ಪರೀಕ್ಷೆ, ಆಸ್ಥಾನದಲ್ಲಿ ಜಾಗ ಸಿಕ್ಕಿದರೆ ಅದೇ ಫಲಿತಾಂಶ. ಆಸ್ಥಾನದ ದಿನಗಳು ಮುಗಿದ ಮೇಲೆ 'ಇವರಿಗೆ ಸಂಗೀತ ಬರುತ್ತದೆ' ಎಂದು ಹೇಳುವ ಅಧಿಕಾರ ಯಾರಿಗೆ ಎನ್ನುವ ಪ್ರಶ್ನೆ ಉಳಿಯಿತು. ಅದಕ್ಕೆ ಸರ್ಕಾರ ಕೊಟ್ಟ ಉತ್ತರ ಬಹಳ ಸರ್ಕಾರಿಯಾಗಿಯೇ ಇತ್ತು. 1966ರಲ್ಲಿ ಹುಟ್ಟಿದ ಕರ್ನಾಟಕ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ, ಮಲ್ಲೇಶ್ವರದ ಆರನೇ ಕ್ರಾಸಿನ ಕಚೇರಿಯಿಂದ, ಎಸ್ಸೆಸ್ಸೆಲ್ಸಿಯ ಜೊತೆಗೆ ಟೈಪ್‌ರೈಟಿಂಗ್, ಶಾರ್ಟ್‌ಹ್ಯಾಂಡ್, ಡ್ರಾಯಿಂಗ್ ಪರೀಕ್ಷೆಗಳನ್ನು ನಡೆಸುವಂತೆ ಸಂಗೀತ, ನೃತ್ಯ, ತಾಳವಾದ್ಯದ ಪರೀಕ್ಷೆಗಳನ್ನೂ ನಡೆಸಿತು. ಜೂನಿಯರ್, ಸೀನಿಯರ್, ಅದರ ಮೇಲೆ ವಿದ್ವತ್. ವಿದ್ವತ್ತನ್ನು ಈಗ ಪೂರ್ವ, ಅಂತಿಮ ಎಂದು ಎರಡು ಮೆಟ್ಟಿಲು ಮಾಡಿದ್ದಾರೆ. ತೋಡಿ ರಾಗದ ಆಲಾಪನೆಗೂ ನಿಮಿಷಕ್ಕೆ ಇಷ್ಟು ಪದ ಎನ್ನುವ ಟೈಪಿಂಗಿಗೂ ಒಂದೇ ಕಚೇರಿಯ ಮೊಹರು. ನಗುವವರು ನಗಬಹುದು. ಆದರೆ ಆ ಮೊಹರಿಗೆ ಜಾತಿ ಗೊತ್ತಿರಲಿಲ್ಲ, ಮನೆತನ ಗೊತ್ತಿರಲಿಲ್ಲ, ಯಾರ ಶಿಷ್ಯೆ ಎನ್ನುವುದೂ ಗೊತ್ತಿರಲಿಲ್ಲ. ಕಚೇರಿ ಕೊಡುವ ವಿದ್ವಾಂಸರ ಮನೆಯಲ್ಲಿ ಹುಟ್ಟದೆ ಇದ್ದವರಿಗೆ ಅದೇ ದೊಡ್ಡ ಉಪಕಾರ.

ಮನೆಗಳಲ್ಲಿ ಆ ಪರೀಕ್ಷೆಗೆ ಬೇರೆಯೇ ಬೆಲೆಯಿತ್ತು. 'ಮದುವೆಗೆ ಮುಂಚೆ ಸೀನಿಯರ್ ಒಂದು ಮುಗಿಸಿಬಿಡು ಮಗು, ಆಮೇಲೆ ಆಗಲ್ಲ' ಎಂದು ನನ್ನ ಸೋದರತ್ತೆ ಹೇಳಿದ್ದು ನೆನಪಿದೆ. ಸಂಗೀತವನ್ನು ಉದ್ಯೋಗ ಎಂದು ಅವರು ಎಣಿಸಿರಲಿಲ್ಲ. ಗಂಡಿನ ಕಡೆಯವರು ಬಂದಾಗ ಒಂದು ದೇವರನಾಮ ಹೇಳಲು ಬಂದರೆ ಸಾಕಿತ್ತು. ಅದೇ ಸೀನಿಯರ್ ಸರ್ಟಿಫಿಕೇಟು ಹಿಡಿದುಕೊಂಡು ಎಷ್ಟೋ ಹೆಂಗಸರು, ಮದುವೆಯಾಗಿ ಮಕ್ಕಳು ಶಾಲೆಗೆ ಹೋಗಲು ಶುರುವಾದ ಮೇಲೆ, ಮನೆಯ ಗೇಟಿಗೆ 'ಸಂಗೀತ ಪಾಠ ಹೇಳಿಕೊಡಲಾಗುವುದು' ಎಂಬ ಬೋರ್ಡು ತೂಗುಹಾಕಿದರು. ದಕ್ಷಿಣ ಬೆಂಗಳೂರಿನ ಸಂಗೀತ ಶಿಕ್ಷಣದ ಬಹುಪಾಲು ಆ ತಗಡಿನ ಬೋರ್ಡುಗಳ ಹಿಂದೆಯೇ ನಡೆದಿದೆ.

ಇದಕ್ಕೆ ಸೈಟಿನ ಅಳತೆಯೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಗೆ ಮುಂದೆ ಒಂದು ಚಿಕ್ಕ ವೆರಾಂಡ, ದಾಟಿದರೆ ಹಜಾರ. ಅಡುಗೆಮನೆ ಹಿಂದಕ್ಕೆ. ಪಾಠಕ್ಕೆ ಬಂದ ಮಕ್ಕಳು ಚಪ್ಪಲಿ ವೆರಾಂಡದಲ್ಲಿ ಬಿಟ್ಟು ಹಜಾರದ ಚಾಪೆಯ ಮೇಲೆ ಕೂತರೆ ಒಳಗಿನ ಸಂಸಾರಕ್ಕೆ ತೊಂದರೆಯಿಲ್ಲ. ನನ್ನ ಗುರುಗಳ ಮನೆಯಲ್ಲಿ ಹಜಾರಕ್ಕೂ ಅಡುಗೆಮನೆಗೂ ನಡುವೆ ಒಂದು ಪರದೆ ಇತ್ತು. ನಾವು ವರ್ಣ ಒಪ್ಪಿಸುತ್ತಿದ್ದರೆ ಅವರು ಪರದೆಯ ಆಚೆ ಹುಳಿಗೆ ಒಗ್ಗರಣೆ ಹಾಕುತ್ತಿರುತ್ತಿದ್ದರು. ಎರಡನೇ ಕಾಲದಲ್ಲಿ ಎಲ್ಲೋ ಅರ್ಧ ಅಕ್ಷರ ಜಾರಿದರೆ ಸಟ್ಟುಗ ಬಾಣಲೆಗೆ ಬಡಿದ ಸದ್ದು ಕೇಳುತ್ತಿತ್ತು. ಅಷ್ಟೇ. ಅದರರ್ಥ, ಮತ್ತೆ ಎತ್ತುಗಡೆಯಿಂದ. ಕಿವಿಯ ಪಾಠ ಎಂದರೇನು ಎಂದು ನನಗೆ ತಿಳಿದದ್ದು ಆ ಸಟ್ಟುಗದಿಂದ. ಕಲಿಸುವವರು ನೋಡಬೇಕಾಗಿಲ್ಲ, ಕೇಳುತ್ತಿದ್ದರೆ ಸಾಕು.

ಕಲಿಸುವ ಕ್ರಮ ಮಾತ್ರ ಯಾರೂ ಹೊಸದಾಗಿ ಹುಡುಕಬೇಕಾಗಿರಲಿಲ್ಲ. ಅದನ್ನು ಪುರಂದರದಾಸರೇ ಹಾಕಿಕೊಟ್ಟರು ಎಂಬುದು ನಮ್ಮ ಪರಂಪರೆಯ ಮಾತು. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ. ಯಾಕೆ ಇದೇ ರಾಗ ಎಂದು ಸೀನಿಯರ್ ಮುಗಿಸುವವರೆಗೂ ನಾನು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಟೀಚರಾದ ಮೇಲೆ ತಾನಾಗಿ ತಿಳಿಯಿತು. ಈ ಹದಿನೈದನೇ ಮೇಳದಲ್ಲಿ ಸದಿಂದ ರಿಗೆ ಚಿಕ್ಕ ಹೆಜ್ಜೆ, ರಿಯಿಂದ ಗಕ್ಕೆ ದೊಡ್ಡ ದಾಟು, ಗದಿಂದ ಮಕ್ಕೆ ಮತ್ತೆ ಚಿಕ್ಕ ಹೆಜ್ಜೆ. ಪಂಚಮದಿಂದ ಮೇಲಕ್ಕೆ ಹೋದರೂ ಅದೇ ಲೆಕ್ಕ: ಪದ, ದನಿ, ನಿಸ. ಕೆಳಗಿನ ಅರ್ಧ ಗಂಟಲಿಗೆ ಕೂತ ಮಗುವಿಗೆ ಮೇಲಿನ ಅರ್ಧ ಹೆಚ್ಚು ಕಷ್ಟವಾಗುವುದಿಲ್ಲ. ಚಿಕ್ಕ ಹೆಜ್ಜೆ, ದೊಡ್ಡ ಹೆಜ್ಜೆ ಎರಡೂ ಪಕ್ಕಪಕ್ಕದಲ್ಲೇ ಇರುವುದರಿಂದ ತಪ್ಪಿದರೆ ತಪ್ಪಿದ್ದು ತಕ್ಷಣ ಕಿವಿಗೆ ಬೀಳುತ್ತದೆ. ಶಂಕರಾಭರಣದಿಂದ ಶುರು ಮಾಡಿದರೆ ಸುಲಭ ಎನ್ನುವವರಿದ್ದಾರೆ. ಸಿನಿಮಾ ಹಾಡು, ಕೀಬೋರ್ಡು ಕೇಳಿ ಬೆಳೆದ ಮಕ್ಕಳಿಗೆ ಅದು ಬೇಗ ಹಿಡಿಸುತ್ತದೆ ಎನ್ನುವುದೂ ನಿಜ. ಆದರೂ ನಾನು ಮಾಳವಗೌಳವನ್ನು ಬಿಟ್ಟವಳಲ್ಲ. ಹಟ ಎನ್ನಿ ಬೇಕಾದರೆ.

ಅಂದರೆ ಕಲಿಸುವ ಕ್ರಮವೇ ಕಲಿಯುವ ಹಾಡಿನೊಳಗೆ ಇತ್ತು. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹೇಳಿದವಳು ಅದನ್ನು ಇನ್ನೊಬ್ಬಳಿಗೆ ಮೂರು ಕಾಲದಲ್ಲಿ ಹೇಳಿಸಬಲ್ಲಳು. ನಾನು ಜೂನಿಯರ್ ಪಾಸಾದ ವರ್ಷವೇ ಗುರುಗಳು ಹೊಸದಾಗಿ ಸೇರಿದ ಇಬ್ಬರು ಮಕ್ಕಳನ್ನು ನನ್ನ ಮುಂದೆ ಕೂರಿಸಿ, 'ಇವರಿಗೆ ಜಂಟಿ ವರಸೆ ಹೇಳಿಸುತ್ತಿರು, ನಾನು ಬಂದೆ' ಎಂದು ಒಳಗೆ ಹೋದರು. ನನಗೆ ಆಗ ಹದಿಮೂರೋ ಹದಿನಾಲ್ಕೋ. ನನ್ನ ಟ್ರೈನಿಂಗ್ ಶುರುವಾದದ್ದು ಅಂದು. ಯಾವ ಕಾಗದದಲ್ಲೂ ಅದು ದಾಖಲಾಗಿಲ್ಲ.

ಪರೀಕ್ಷೆಯ ದಿನದ ವಿಷಯ ಹೇಳದೆ ಈ ಚರಿತ್ರೆ ಮುಂದಕ್ಕೆ ಹೋಗದು. ಶಾಸ್ತ್ರದ ಪತ್ರಿಕೆ ಬರೆಯುವುದು ಎಲ್ಲ ಪರೀಕ್ಷೆಯ ಹಾಗೆ: ಮೂವತ್ತೈದು ತಾಳದ ಪಟ್ಟಿ, ಎಪ್ಪತ್ತೆರಡು ಮೇಳದ ಚಕ್ರ, ಕಟಪಯಾದಿ ಸೂತ್ರ, ವಾಗ್ಗೇಯಕಾರರ ಜೀವನ. ವೆಂಕಟಮಖಿಯ ಹೆಸರನ್ನು ಕೈಬೆವರಿನಲ್ಲಿ ಬರೆದವರು ಎಷ್ಟು ಮಂದಿಯೋ. ನಡುಕ ಇರುತ್ತಿದ್ದದ್ದು ಪ್ರಾಕ್ಟಿಕಲ್ಲಿಗೆ. ಬೇಸಿಗೆ ರಜೆಯ ಒಂದು ಶಾಲೆ, ಡೆಸ್ಕುಗಳನ್ನು ಗೋಡೆಗೆ ಒತ್ತರಿಸಿ ನಡುವೆ ಹಾಸಿದ ಜಮಖಾನ, ಎದುರಿಗೆ ಇಬ್ಬರು ಪರೀಕ್ಷಕರು. ಕಾರಿಡಾರಿನಲ್ಲಿ ಬೆಂಚಿನ ತುಂಬ ನಾವು, ತೊಡೆಯ ಮೇಲೆ ಸಣ್ಣಗೆ ತಾಳ ಹಾಕಿಕೊಂಡು ಗುನುಗುತ್ತಾ. ಒಳಗಿನಿಂದ ಹೊರಗೆ ಬಂದವಳನ್ನು ಎಲ್ಲರೂ ಮುತ್ತಿಕೊಂಡು 'ಏನು ಕೇಳಿದ್ರೇ?' ಎನ್ನುವುದು. 'ಭೈರವಿ ಕೇಳಿದರು, ಕಾಂಬೋಜಿ ಕೇಳಿದರು, ಅಟತಾಳದ ವರ್ಣ ಎರಡು ಕಾಲ.' ಪಲ್ಲವಿ ಅನುಪಲ್ಲವಿ ಮುಗಿಯುವ ಮೊದಲೇ 'ಸಾಕಮ್ಮ' ಎಂದರೆ ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಫಲಿತಾಂಶ ಬರುವವರೆಗೂ ಚರ್ಚೆ. ಒಂದು ವರ್ಷ ನನ್ನ ನೋಂದಣಿ ಸಂಖ್ಯೆಯೇ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಬೆಳಿಗ್ಗೆಯಿಂದ ಕೂತು ಸಂಜೆ ಕೊನೆಯವಳಾಗಿ ಹಾಡಿದೆ. ಗಂಟಲಿನಲ್ಲಿ ದನಿ ಇರಲಿಲ್ಲ, ಪಾಸಾದೆ. ಹೇಗೆ ಎಂದು ಇವತ್ತಿಗೂ ಗೊತ್ತಿಲ್ಲ.

ಈ ಪರೀಕ್ಷೆಯಲ್ಲಿ ಒಮ್ಮೆಯೂ ಯಾರೂ ಕೇಳದ ಪ್ರಶ್ನೆ ಒಂದಿತ್ತು: 'ಇದನ್ನು ಹತ್ತು ವರ್ಷದ ಮಗುವಿಗೆ ಹೇಗೆ ಹೇಳಿಕೊಡುತ್ತೀಯಮ್ಮ?' ಜೂನಿಯರಿನಿಂದ ವಿದ್ವತ್ತಿನ ರಾಗ-ತಾನ-ಪಲ್ಲವಿಯವರೆಗೆ ಪರೀಕ್ಷಿಸಿದ್ದು ಹಾಡುಗಾರಿಕೆಯನ್ನು. ಕೆಲಸ ಕೊಟ್ಟದ್ದು ಕಲಿಸುವುದಕ್ಕೆ. ಮದರಾಸಿನವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದರು. ಅಲ್ಲಿನ ಮ್ಯೂಸಿಕ್ ಅಕಾಡೆಮಿ 1931ರಲ್ಲೇ ಸಂಗೀತದ ಟೀಚರ್ಸ್ ಕಾಲೇಜು ತೆರೆಯಿತು; ಹೆಸರಿನಲ್ಲೇ 'ಟೀಚರ್ಸ್' ಎಂದಿತ್ತು. ಉತ್ತರದಲ್ಲಿ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಸ್ಥಾಪಿಸಿ ಶಿಷ್ಯರನ್ನು ಊರೂರಿಗೆ ಕಲಿಸಲು ಕಳಿಸಿದರು. ಧಾರವಾಡ, ಬೆಳಗಾವಿ ಕಡೆಯಿಂದ ಬಂದು ನಮ್ಮ ಜೆ.ಪಿ. ನಗರದಲ್ಲಿ ನೆಲೆಸಿದ ಮನೆಗಳಲ್ಲಿ 'ವಿಶಾರದ ಆಯ್ತು, ಅಲಂಕಾರ ಮಾಡಬೇಕು' ಎನ್ನುವ ಮಾತು ಕೇಳಿದರೆ ಅದು ಆ ಪರಂಪರೆಯ ಪರೀಕ್ಷೆ.

ನಮ್ಮಲ್ಲಿ ಕಾಲೇಜು ಬಂದದ್ದು ತಡವಾಗಿ, ಬಂದದ್ದೂ ಮೈಸೂರಿಗೆ. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸಂಗೀತ ಮತ್ತು ನೃತ್ಯಕ್ಕೆಂದೇ ಕಾಲೇಜು ತೆರೆಯಿತು. ಅದರ ಮೊದಲ ಪ್ರಾಂಶುಪಾಲರು ವಿ. ರಾಮರತ್ನಂ. ನಮ್ಮ ಕಡೆಯವರಿಗೆ ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶಕ ಕಲೆಗಳ ವಿಭಾಗ ಸಿಕ್ಕಿತು. ಬನಶಂಕರಿಯಿಂದ ಜ್ಞಾನಭಾರತಿಗೆ ಎರಡು ಬಸ್ಸು ಬದಲಾಯಿಸಿ ತಂಬೂರಿ ಸಮೇತ ಹೋದವರ ಕಥೆಗಳೇ ಬೇರೆ. ಕಂಡಕ್ಟರು ತಂಬೂರಿಗೆ ಲಗೇಜು ಟಿಕೆಟ್ಟು ಹರಿದದ್ದು ನನ್ನ ಗೆಳತಿಯ ಅನುಭವ. ಕಾಲೇಜಿನಲ್ಲಿ ಕಲಿತವರಿಗೆ ಸಂಗೀತಶಾಸ್ತ್ರ ಗಟ್ಟಿಯಾಗಿ ಸಿಕ್ಕಿತು, ಬೇರೆ ಬೇರೆ ಪಾಠಾಂತರಗಳನ್ನು ಹೋಲಿಸಿ ನೋಡುವ ಬುದ್ಧಿ ಬಂತು. ಒಬ್ಬರೇ ಗುರುಗಳ ಹಜಾರದಲ್ಲಿ ಕೂತವರಿಗೆ ಅದು ಸಿಗುತ್ತಿರಲಿಲ್ಲ, 'ನಮ್ಮ ಗುರುಗಳು ಹೇಳಿಕೊಟ್ಟದ್ದೇ ಸರಿ' ಎನ್ನುವುದರಲ್ಲಿ ನಮ್ಮ ಶಾಸ್ತ್ರ ಮುಗಿಯುತ್ತಿತ್ತು. ಹಾಗೆಂದು ಕಾಲೇಜಿನವರೂ ಹಜಾರವನ್ನು ಬಿಡಲಿಲ್ಲ. ಬೆಳಿಗ್ಗೆ ಕಾಲೇಜು, ಸಂಜೆ ಗುರುಗಳ ಮನೆ. ಎಂ.ಎ. ಓದುವಾಗಲೂ ಹಾಡು ಕಲಿತದ್ದು ಸಂಜೆಯೇ ಎಂದು ಅವರೇ ಹೇಳುತ್ತಾರೆ.

ಮೂರನೆಯ ಪಾಠಶಾಲೆ ಕೇಳ್ಮೆ. ಅದಕ್ಕೆ ಫೀಜು ಇರಲಿಲ್ಲ. 1905ರಲ್ಲಿ ಹುಟ್ಟಿದ ಬೆಂಗಳೂರು ಗಾಯನ ಸಮಾಜ ಕೆ.ಆರ್. ರಸ್ತೆಯಲ್ಲಿ, 1939ರಿಂದ ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ ನಡೆಸಿಕೊಂಡು ಬಂದ ರಾಮೋತ್ಸವ ಕೋಟೆ ಹೈಸ್ಕೂಲಿನ ಮೈದಾನದಲ್ಲಿ, ನಮಗೆ ಇನ್ನೂ ಹತ್ತಿರ ಬೇಕೆಂದರೆ ಜಯನಗರ ಎಂಟನೇ ಬ್ಲಾಕಿನ ಜಯರಾಮ ಸೇವಾ ಮಂಡಳಿ, ರಾಗಿಗುಡ್ಡದ ಆಂಜನೇಯನ ಗುಡಿ. ಬನಶಂಕರಿ ಎರಡನೇ ಹಂತದಲ್ಲಿ ಶ್ರೀರಾಮ ಲಲಿತಕಲಾ ಮಂದಿರವಿದೆ, 1955ರಲ್ಲಿ ಜಿ. ವೇದಾಂತ ಅಯ್ಯಂಗಾರ್ ಮತ್ತು ಜಿ.ವಿ. ರಂಗನಾಯಕಮ್ಮ ಕಟ್ಟಿದ ಸಂಸ್ಥೆ. ಪಾಠ ಹೇಳುವುದು, ಕಚೇರಿ ಏರ್ಪಡಿಸುವುದು ಎರಡನ್ನೂ ಒಂದೇ ಸೂರಿನಡಿ ಇಟ್ಟುಕೊಂಡ ಇಂಥ ಸಂಸ್ಥೆಗಳು ಕಡಿಮೆ. ರಾಮನವಮಿಯ ಪಾನಕ ಕುಡಿದು, ಕೋಸಂಬರಿಯ ದೊನ್ನೆ ಹಿಡಿದು, ಹಿಂದಿನ ಸಾಲಿನಲ್ಲಿ ಕೂತು ಹಾಡಿನ ಸ್ವರವನ್ನು ನೋಟುಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದ ಗುಂಪಿನಲ್ಲಿ ನಾನೂ ಒಬ್ಬಳು. ತಪ್ಪಾಗಿಯೇ ಇಳಿಸಿಕೊಂಡೆ ಎನ್ನುವುದು ಮಾರನೆಯ ಬೆಳಿಗ್ಗೆ ಸಟ್ಟುಗದ ಸದ್ದಿನಿಂದ ತಿಳಿಯುತ್ತಿತ್ತು.

ಇನ್ನು ಶಾಲೆ. ನೇಮಕದ ಆದೇಶ ಬಂದ ಶಾಲೆಯ ಹೆಸರು ಇಲ್ಲಿ ಬೇಡ. ಮೊದಲ ದಿನ ಎಂಟನೇ ತರಗತಿ, ಕೊನೆಯ ಪೀರಿಯಡ್, ಎದುರಿಗೆ ಐವತ್ತಕ್ಕೂ ಮೇಲೆ ಮಕ್ಕಳು. ಶ್ರುತಿಪೆಟ್ಟಿಗೆ ಇಟ್ಟು, ಪದ್ಮಾಸನ ಹಾಕಿ ಕೂರಲು ಜಾಗವಿಲ್ಲದೆ ಮೇಜಿನ ಪಕ್ಕ ನಿಂತು, 'ಎಲ್ಲರೂ ಸ ಹೇಳಿ' ಎಂದೆ. ಐವತ್ತು ಸ ಬಂದವು, ಐವತ್ತೂ ಬೇರೆ ಬೇರೆ. ವಿದ್ವತ್ ಪಾಸಾದ ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ನನ್ನ ಗುರುಗಳ ಹಜಾರದಲ್ಲಿ ಒಮ್ಮೆಗೆ ನಾಲ್ಕು ಜನಕ್ಕಿಂತ ಹೆಚ್ಚು ಕೂತದ್ದಿಲ್ಲ. ಸರಳೆ ವರಸೆಗೆ ಹೋಗೋಣವೆಂದರೆ ಹೆಡ್‌ಮೇಷ್ಟ್ರು ಬಾಗಿಲಲ್ಲಿ ನಿಂತು, 'ಮೇಡಂ, ಶುಕ್ರವಾರ ಸ್ವಾತಂತ್ರ್ಯ ದಿನ, ಎರಡು ದೇಶಭಕ್ತಿಗೀತೆ ರೆಡಿ ಮಾಡಿಸಿಬಿಡಿ' ಎಂದು ಹೋದರು. ಅಂದು ಸೋಮವಾರ.

ಹುಡುಗಿಯರಿಗೆ ಹೊಂದುವ ಶ್ರುತಿಯಲ್ಲಿ, ದನಿ ಒಡೆಯುತ್ತಿದ್ದ ಹುಡುಗರು ಪಂಚಮಕ್ಕೇ ಸಿಕ್ಕಿಬೀಳುತ್ತಿದ್ದರು. ಒಬ್ಬ ಹುಡುಗನಂತೂ ಸಾಲಿನ ಅರ್ಧಕ್ಕೆ ದನಿ ಕೀರಲಾಗಿ, ಕ್ಲಾಸೆಲ್ಲ ನಕ್ಕು, ಆಮೇಲೆ ತಿಂಗಳುಗಟ್ಟಲೆ ಬಾಯಿ ತೆರೆಯಲಿಲ್ಲ. ಅವನನ್ನು ನಾನು ಗದರಿಸಿದೆ. ಅವನ ಗಂಟಲಿಗೆ ಆಗ ಏನಾಗುತ್ತಿತ್ತು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಓದಿರಲಿಲ್ಲ. ನನ್ನ ಗುರುಗಳ ಬಳಿ ಬರುತ್ತಿದ್ದವರೆಲ್ಲ ಹುಡುಗಿಯರೇ. ಹದಿಮೂರು ಹದಿನಾಲ್ಕರಲ್ಲಿ ಹುಡುಗರ ದನಿ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಇಳಿಯುವ ತಿಂಗಳುಗಳಲ್ಲಿ ಅದು ಎಲ್ಲಿ ಹೋಗಿ ನಿಲ್ಲುತ್ತದೋ ಅವರಿಗೇ ಗೊತ್ತಿರುವುದಿಲ್ಲ ಎನ್ನುವಷ್ಟು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ಅಲ್ಲಿಂದ ಮುಂದೆ ಅಂಥ ಹುಡುಗರಿಗೆ ಕೆಳಗಿನ ಷಡ್ಜ ಹಿಡಿದು ನಿಲ್ಲುವ ಕೆಲಸ ಕೊಟ್ಟೆ, ಇಲ್ಲವೇ ತಾಳ. ಪೆಟ್ಟು, ಬೆರಳು, ಬೆರಳು, ಬೆರಳು, ಪೆಟ್ಟು, ಹುಸಿ, ಪೆಟ್ಟು, ಹುಸಿ. ಆದಿತಾಳ ಹಿಡಿದು ನಿಂತ ಹುಡುಗನಿಗೆ ನಾಚಿಕೆಯಿಲ್ಲ. ಆ ಮೊದಲಿನ ಹುಡುಗನಿಗೆ ಮಾತ್ರ ಈ ಉಪಾಯ ಸಿಗಲಿಲ್ಲ.

ಈ ಬಗೆಯ ವಿಷಯಗಳನ್ನೇ ಹೇಳಿಕೊಡಲು ಬಿ.ಎಡ್. ಕಾಲೇಜುಗಳಿವೆ. ರಜೆ ಹಾಕಿ ಬಿ.ಎಡ್. ಮಾಡಿಕೊಂಡ ಸಹೋದ್ಯೋಗಿಗಳ ಪಾಠಯೋಜನೆಯ ಪುಸ್ತಕವನ್ನು ನಾನು ಕಡ ತಂದು ಓದಿದ್ದೇನೆ. ಉದ್ದೇಶ, ಬೋಧನೋಪಕರಣ, ಕಪ್ಪುಹಲಗೆಯ ಕೆಲಸ, ಮೌಲ್ಯಮಾಪನ ಎಂದು ಗೆರೆ ಎಳೆದ ಕಾಲಮ್ಮುಗಳು. ಕನ್ನಡಕ್ಕೆ, ಗಣಿತಕ್ಕೆ, ವಿಜ್ಞಾನಕ್ಕೆ ಬೋಧನಾ ವಿಧಾನದ ಪತ್ರಿಕೆ ಇತ್ತು, ಸಂಗೀತಕ್ಕೆ ಇರಲಿಲ್ಲ. ಬಿ.ಎಡ್. ಎರಡು ವರ್ಷದ ಓದಾದ ಮೇಲೆ ಎಲ್ಲ ಭಾವಿ ಶಿಕ್ಷಕರಿಗೂ 'ಶಿಕ್ಷಣದಲ್ಲಿ ನಾಟಕ ಮತ್ತು ಕಲೆ' ಎಂಬ ಒಂದು ಭಾಗ ಬಂತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರ ನಿಯಮಗಳಲ್ಲಿ ಪ್ರದರ್ಶಕ ಕಲೆಗಳ ಶಿಕ್ಷಣಕ್ಕೇ ಪ್ರತ್ಯೇಕ ಡಿಪ್ಲೊಮಾ ಒಂದನ್ನು ಸೇರಿಸಿತು. ಅಂದರೆ ಮದರಾಸಿನ ಆ 1931ರ ಯೋಚನೆ ನಿಯಮದ ಪುಸ್ತಕಕ್ಕೆ ಬರಲು ಎಂಬತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಕೇಂದ್ರೀಯ ವಿದ್ಯಾಲಯಗಳು ಪ್ರಾಥಮಿಕ ಹಂತದಲ್ಲೇ ಸಂಗೀತ ಶಿಕ್ಷಕರ ಹುದ್ದೆ ಇಟ್ಟು ಅದಕ್ಕೆ ಸಂಗೀತದ ಪದವಿ ಕೇಳುತ್ತವೆ. ನಮ್ಮ ರಾಜ್ಯದ ಶಾಲೆಗಳಲ್ಲಿ ಸಂಗೀತ, ಚಿತ್ರಕಲೆ, ದೈಹಿಕ ಶಿಕ್ಷಣದವರನ್ನು ವಿಶೇಷ ಶಿಕ್ಷಕರು ಎಂದು ಕರೆಯುವುದು ವಾಡಿಕೆ. ವಿಶೇಷ ಎನ್ನುವುದಕ್ಕೆ ಅಲ್ಲಿ ಇರುವ ಅರ್ಥ ಸ್ಟಾಫ್‌ರೂಮಿನಲ್ಲಿ ಕೂತವರಿಗೆ ಗೊತ್ತು: ಯಾವ ಮೇಷ್ಟ್ರು ರಜೆ ಹಾಕಿದರೂ ಆ ಪೀರಿಯಡ್ಡು ನಮಗೆ.

ಸರ್ಕಾರಿ ಶಾಲೆಗಳ ಸಂಗೀತ ಶಿಕ್ಷಕರಲ್ಲಿ ಕಣ್ಣು ಕಾಣದವರು ಎಷ್ಟೋ ಮಂದಿ ಇದ್ದಾರೆ, ಅವರಲ್ಲಿ ಹಲವರು ಗದುಗಿನ ವೀರೇಶ್ವರ ಪುಣ್ಯಾಶ್ರಮದಿಂದ ಬಂದವರು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ತಾವೇ ಅಂಧರು, ಅಲ್ಲಿ ಕಲಿಸಿದ್ದು ಹಾಡುವುದನ್ನಷ್ಟೇ ಅಲ್ಲ. ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಹೇಳಿಕೊಡುವುದು ಆಶ್ರಮದ ದಿನಚರಿಯಲ್ಲೇ ಸೇರಿತ್ತು. ನನಗೆ ತಿಳಿದಂತೆ ಕರ್ನಾಟಕದಲ್ಲಿ ಸಂಗೀತ ಶಿಕ್ಷಕರನ್ನೇ ತಯಾರು ಮಾಡಿದ ಕಾಲೇಜು ಯಾವುದಾದರೂ ಇದ್ದರೆ ಅದು ಆ ಆಶ್ರಮ. ಕಣ್ಣು ಕಾಣದ ಅಂಥ ಮೇಷ್ಟ್ರೊಬ್ಬರ ಜೊತೆ ನಾನು ಒಮ್ಮೆ ಅಂತರಶಾಲಾ ಸ್ಪರ್ಧೆಗೆ ತೀರ್ಪುಗಾರಳಾಗಿ ಕೂತಿದ್ದೆ. ಮೂವತ್ತು ಮಕ್ಕಳ ಸಮೂಹಗಾನ ಮುಗಿದ ಮೇಲೆ ಅವರು ನನ್ನ ಕಡೆ ಬಾಗಿ, 'ಎಡಗಡೆಯಿಂದ ಎರಡನೇ ಹುಡುಗಿ ಬರೀ ತುಟಿ ಆಡಿಸ್ತಾ ಇದ್ದಾಳೆ, ಅಲ್ವಾ ಮೇಡಂ? ಅಲ್ಲೊಂದು ತೂತು ಕೇಳಿಸ್ತು' ಎಂದರು. ನಾನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರೂ ಗಮನಿಸಿರಲಿಲ್ಲ.

ಉಪಕರಣದ ವಿಷಯ ಎರಡು ಮಾತು. ತಿದಿ ಒತ್ತುವ ಶ್ರುತಿಪೆಟ್ಟಿಗೆಗೆ ಒಂದು ಕೈ ಹೋದರೆ ತಾಳಕ್ಕೆ ಒಂದೇ ಕೈ, ಬೋರ್ಡಿನ ಮೇಲೆ ಬರೆಯಲು ಇನ್ನೊಂದು ಕೈ ಎಲ್ಲಿಂದ ತರುವುದು? ಈ ಕಷ್ಟ ನೀಗಿಸಿದವರು ಬೆಂಗಳೂರಿನವರೇ, ಕೊಳಲು ನುಡಿಸುವ ಎಂಜಿನಿಯರ್ ಜಿ. ರಾಜ್ ನಾರಾಯಣ್, ಅವರ ರೇಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿ 1979ರ ಹೊತ್ತಿಗೆ ಬಂತು. ಇದರ ನಾದ ತಂತಿಯ ತಂಬೂರಿಯ ಜೀವಕ್ಕೆ ಸಮವೇ ಎಂದು ವಿದ್ವಾಂಸರು ಜಗಳವಾಡಿದರು. ಶಾಲೆಯ ಟೀಚರುಗಳು ಜಗಳಕ್ಕೆ ಹೋಗದೆ ಕಂತಿನಲ್ಲಿ ಒಂದೊಂದು ಕೊಂಡರು.

ನಾಡಗೀತೆಯದು ಇನ್ನೊಂದು ಕಥೆ. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು, ಧಾಟಿ ಮಾತ್ರ ತೀರ್ಮಾನವಾಗಲಿಲ್ಲ. ಮೈಸೂರು ಅನಂತಸ್ವಾಮಿಯವರದೊಂದು, ಸಿ. ಅಶ್ವತ್ಥ್ ಅವರದೊಂದು. ಒಂದು ಶಾಲೆಯಲ್ಲಿ ಒಂದು ಧಾಟಿ ಕಲಿತ ಹುಡುಗಿ ಪಕ್ಕದ ಶಾಲೆಗೆ ಸೇರಿ ಪ್ರಾರ್ಥನೆಯಲ್ಲಿ ಜೋರಾಗಿ ಹಾಡಿ ಒಬ್ಬಳೇ ಎತ್ತಲೋ ಹೋದದ್ದನ್ನು ಕಂಡಿದ್ದೇನೆ. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿ ಎಂದು ಆದೇಶ ಹೊರಡಿಸಿತು: ಆಲಾಪ ಬೇಡ, ಸಾಲನ್ನು ಮತ್ತೆ ಮತ್ತೆ ಹಾಡುವುದು ಬೇಡ, 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಯಬೇಕು. ವಿದ್ವತ್ತಿನ ಪಠ್ಯದಲ್ಲಿ ಗಡಿಯಾರ ನೋಡಿ ಹಾಡುವ ಅಭ್ಯಾಸ ಎಲ್ಲೂ ಇಲ್ಲ. ಆದರೆ ಸಂಗೀತದ ಟೀಚರಿಗೆ ದಿನಾ ಬೆಳಿಗ್ಗೆ ಬೇಕಾದದ್ದು ಅದೇ.

ಈಚೆಗೆ ಮಲ್ಲೇಶ್ವರದ ಮೊಹರೂ ಬದಲಾಗಿದೆ. ಸಂಗೀತ, ನೃತ್ಯ, ತಾಳವಾದ್ಯದ ಪರೀಕ್ಷೆಗಳ ಹೊಣೆ ಮೈಸೂರಿನಲ್ಲಿರುವ ಕರ್ನಾಟಕ ರಾಜ್ಯ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಹೋಗಿದೆ. ಟೈಪ್‌ರೈಟಿಂಗಿನಿಂದ ಸಂಗೀತ ಬೇರೆಯಾಯಿತು, ಒಳ್ಳೆಯದೇ. ಪ್ರಾಥಮಿಕ ಶಾಲೆಯ ಓದಷ್ಟೇ ಓದಿದ್ದ ಗಂಗೂಬಾಯಿಯವರ ಹೆಸರಿನ ವಿಶ್ವವಿದ್ಯಾಲಯದಿಂದ ಇನ್ನು ನಮ್ಮ ಹುಡುಗಿಯರಿಗೆ ಸರ್ಟಿಫಿಕೇಟು.

ಹಜಾರಗಳು ಕಡಿಮೆಯಾಗಿವೆ. ಮೂವತ್ತು ನಲವತ್ತರ ಮನೆ ಕೆಡವಿ ನಾಲ್ಕು ಅಂತಸ್ತು ಎದ್ದ ಮೇಲೆ ಮೃದಂಗದ ಪಾಠಕ್ಕೆ ಕೆಳಗಿನ ಫ್ಲಾಟಿನವರು ಒಪ್ಪುವುದಿಲ್ಲ. ಜೆ.ಪಿ. ನಗರ ಏಳನೇ ಹಂತದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಎಂಬ ಸಂಗೀತದ ಮ್ಯೂಸಿಯಮ್ಮಿನಲ್ಲಿ ಕಲಿಕಾ ಕೇಂದ್ರವೂ ಇದೆ. ಅಲ್ಲಿನ ಕೋಣೆಗಳು ನಮ್ಮ ಹಜಾರಗಳಿಗಿಂತ ಎಷ್ಟೋ ಚೆನ್ನಾಗಿವೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಿ.ಟಿ.ಎಂ. ಲೇಔಟಿನ ಎರಡು ಕೋಣೆಯ ಮನೆಯಿಂದ ಪಾಠ ಹೇಳುತ್ತಾಳೆ. ಎಂ.ಎ., ವಿದ್ವತ್ ಎರಡೂ ಆಗಿದೆ. ಬೆಳಿಗ್ಗೆ ಆರೂವರೆಗೆ ಕ್ಯಾಲಿಫೋರ್ನಿಯಾದ ಕನ್ನಡದ ಮಕ್ಕಳು, ಅಲ್ಲಿ ಹಿಂದಿನ ದಿನದ ಸಂಜೆ. ಹೋದ ತಿಂಗಳು ಅವಳ ಪಕ್ಕ ಕೂತು ಒಂದು ಪಾಠ ನೋಡಿದೆ. ಇಂಟರ್‌ನೆಟ್ಟಿನಲ್ಲಿ ದನಿ ತಲುಪಲು ಒಂದಿಷ್ಟು ತಡವಾಗುತ್ತದೆಯಂತೆ; ಜೊತೆಗೆ ಹಾಡಿದರೆ ತಾಳ ಎರಡು ಕಡೆ ಎರಡಾಗುತ್ತದೆ. ಹಾಗಾಗಿ ಅವಳು ಒಮ್ಮೆ ಹಾಡಿ ತೋರಿಸಿ, ತನ್ನ ಮೈಕು ಮುಚ್ಚಿ, ಮಗುವನ್ನು ಹಾಡಲು ಬಿಟ್ಟು ಸುಮ್ಮನೆ ಕೇಳುತ್ತಾಳೆ. ಮಗು ಜಂಟಿ ವರಸೆ ಹೇಳುತ್ತಿತ್ತು. ಇವಳು ಎದ್ದು ಹೋಗಿ ಸ್ಟೌವಿನ ಮೇಲಿದ್ದ ಹಾಲು ಇಳಿಸಿದಳು, ಕಿವಿ ಇತ್ತ ಕಡೆಯೇ. ಮೂರನೇ ಕಾಲದಲ್ಲಿ ಒಂದು ಕಡೆ ಮಗು ಜಾರಿತು. ಕೈಯಲ್ಲಿದ್ದ ಚಮಚ ತಟ್ಟೆಗೆ ಬಡಿಯಿತು. ಮೈಕು ಮುಚ್ಚಿತ್ತು, ಮಗುವಿಗೆ ಕೇಳಿಸಲಿಲ್ಲ. ಅವಳು ಓಡಿ ಬಂದು ಮೈಕು ತೆರೆದು, 'ಪುಟ್ಟಾ, ಮತ್ತೆ ಎತ್ತುಗಡೆಯಿಂದ' ಎಂದಳು.